ಕುತ್ತಿ ಎಣಿಸುವ ವಿಜ್ಞಾನ

ಉಪಗ್ರಹ ಚಿತ್ರದಲ್ಲಿ ಉಡುಪಿ ಜಿಲ್ಲೆಯ ಉದ್ಯಾವರವನ್ನು ನೋಡಿದವರಿಗೆ ಈ ಸೀಮೆಯಲ್ಲಿ ಮರಕ್ಕೇನೂ ಬರವಿಲ್ಲ ಅನ್ನಿಸುತ್ತದೆ. ಕಡಲಿಗೂ ಹೊಳೆಗೂ ನಡುವಿನ ಮರಳು ಪಟ್ಟಿಯ ತುಂಬ ತೆಂಗು, ಹೊಳೆಯಂಚಿಗೆ ಕಾಂಡ್ಲ. ಹೆದ್ದಾರಿ ದಾಟಿ ಮೂಡಕ್ಕೆ ಸರಿದರೆ ಗೇರು, ಅಕೇಶಿಯಾ. ಕಾರ್ಕಳದ ಹೊತ್ತಿಗೆ ರಬ್ಬರು, ಅಡಿಕೆ. ಹೆಬ್ರಿ ಕಳೆದ ಮೇಲೆ ಸೋಮೇಶ್ವರ ಅಭಯಾರಣ್ಯ, ಇನ್ನೊಂದು ಬದಿಗೆ ಕುದುರೆಮುಖದ ಘಟ್ಟಸಾಲು. ಬಣ್ಣ ಮಾತ್ರ ಎಲ್ಲೆಲ್ಲೂ ಒಂದೇ: ಹಸಿರು.

ಸರಕಾರಿ ಲೆಕ್ಕವೂ ಬಹುಮಟ್ಟಿಗೆ ಈ ಬಣ್ಣವನ್ನೇ ನಂಬಿದೆ. 1981ರಲ್ಲಿ ಸ್ಥಾಪನೆಯಾದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಎರಡು ವರ್ಷಕ್ಕೊಮ್ಮೆ ದೇಶದ ಅರಣ್ಯ ಸ್ಥಿತಿಗತಿ ವರದಿ ತರುತ್ತಿದೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗ, ಅದರಲ್ಲಿ ನೆಲದ ಶೇ. 10ರಷ್ಟಾದರೂ ಭಾಗದ ಮೇಲೆ ಮರಗಳ ನೆತ್ತಿ ಹರಡಿದ್ದರೆ ಆ ವರದಿಯ ಪ್ರಕಾರ ಅದು ‘ಅರಣ್ಯ ಹೊದಿಕೆ’. ಜಾಗ ಯಾರದು, ಮರ ಯಾವುದು ಎಂದು ಈ ವ್ಯಾಖ್ಯೆ ಕೇಳುವುದಿಲ್ಲ. ತೆಂಗಿನ ತೋಟ, ರಬ್ಬರಿನ ಪ್ಲಾಂಟೇಶನ್, ಬೋಗಿ ಮತ್ತು ಧೂಪದ ಮರಗಳು ಒತ್ತಾಗಿ ನಿಂತ ಮಳೆಕಾಡು, ಮೂರೂ ಒಂದೇ ಖಾತೆಗೆ ಜಮೆ. ನೆತ್ತಿಯ ದಟ್ಟಣೆ ಶೇ. 70 ದಾಟಿದರೆ ‘ಅತಿ ದಟ್ಟ’, 40ರಿಂದ 70ರವರೆಗೆ ‘ಮಧ್ಯಮ ದಟ್ಟ’, 10ರಿಂದ 40ರವರೆಗೆ ‘ತೆರೆದ’ ಕಾಡು. ದೇಶದಗಲದ ನಕ್ಷೆ ಬರೆಯಲು ಇಂಥ ಸರಳ ಅಳತೆ ಬೇಕು, ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಆ ನಕ್ಷೆಗೆ ಕಾಣದೆ ಉಳಿಯುವ ಸಂಗತಿ ಒಂದಿದೆ.

ನಕ್ಷೆಗೆ ಬಹುಕಾಲದಿಂದ ಬಳಸುತ್ತಿರುವ ಭಾರತೀಯ ಉಪಗ್ರಹಗಳ ಲಿಸ್-3 ಕ್ಯಾಮೆರಾದ ಒಂದು ಚುಕ್ಕಿ ನೆಲದ ಮೇಲೆ 23.5 ಮೀಟರ್ ಉದ್ದಗಲದ ಚೌಕ. ಸುಮಾರು 550 ಚದರ ಮೀಟರ್, ಅಂದರೆ ಹದಿಮೂರೂವರೆ ಸೆಂಟ್ಸ್ ಜಾಗ. ಒಳ್ಳೆಯ ಮಳೆಕಾಡಿನ ಇಷ್ಟು ಜಾಗದಲ್ಲಿ ಸಣ್ಣದು ದೊಡ್ಡದು ಸೇರಿ ಹಲವು ಮರಗಳಿರುತ್ತವೆ. ಅದರೊಳಗಿಂದ ಒಂದು ಹೆಬ್ಬಲಸು ಕಡಿದು ಸಾಗಿಸಿದರೂ ಆಚೀಚೆಯ ಕೊಂಬೆಗಳು, ಬಳ್ಳಿಗಳು ಕೆಲವೇ ಮಳೆಗಾಲದಲ್ಲಿ ಆ ಕಿಂಡಿ ಮುಚ್ಚುತ್ತವೆ. ಮೇಲಿನಿಂದ ನೋಡಿದರೆ ಮೊದಲಿನಷ್ಟೇ ಹಸಿರು. ಹೀಗೆ ಪ್ರತಿ ಚೌಕದಿಂದ ದಪ್ಪ ಮರ ಒಂದೊಂದಾಗಿ ಹೋಗಿ ತೆಳು ಮರ ಮಾತ್ರ ಉಳಿದರೆ, ಬೋಗಿಯ ಜಾಗಕ್ಕೆ ಬೇಗ ಬೆಳೆಯುವ ಹಗುರ ಜಾತಿ ಬಂದು ಕೂತರೆ, ಕಾಡು ಉಳಿದೂ ಬಡವಾಯಿತು. ಕಾಡು ಕಡಿದು ಗದ್ದೆ ಮಾಡಿದರೆ ಅದು ಅರಣ್ಯನಾಶ. ಕಾಡು ಕಾಡಾಗಿಯೇ ನಿಂತು ಒಳಗಿಂದ ಸವೆದರೆ ಅರಣ್ಯದ ಅವನತಿ. ಮೊದಲನೆಯದು ಆಕಾಶದಿಂದ ಕಾಣುತ್ತದೆ. ಎರಡನೆಯದಕ್ಕೆ ಕಾಲ್ನಡಿಗೆಯೇ ಗತಿ.

ನಾಲ್ಕು ಬಿದಿರು ಕಡ್ಡಿ

ಕಾಡಿನೊಳಗೆ ನಡೆದು ಮರ ಎಣಿಸುವ ಕೆಲಸಕ್ಕೆ ನಮ್ಮ ಉಪಖಂಡದಲ್ಲಿ ಒಂದೂವರೆ ಶತಮಾನದ ಚರಿತ್ರೆ ಇದೆ. ಜರ್ಮನ್ ಸಸ್ಯವಿಜ್ಞಾನಿ ಡೀಟ್ರಿಶ್ ಬ್ರಾಂಡಿಸ್ 1856ರಲ್ಲಿ ಬರ್ಮಾದ ಪೆಗು ಪ್ರಾಂತದ ತೇಗದ ಕಾಡುಗಳ ಉಸ್ತುವಾರಿಗೆ ಬಂದರು. ಇರುವ ತೇಗ ಎಷ್ಟು, ವರ್ಷಕ್ಕೆ ಎಷ್ಟು ಕಡಿದರೆ ಕಾಡು ತಾಳಿಕೊಳ್ಳುತ್ತದೆ ಎಂದು ಕೇಳಿದರೆ ಹೇಳುವವರಿರಲಿಲ್ಲ. ಬ್ರಾಂಡಿಸ್ ಆನೆಯ ಮೇಲೆ ಕೂತು ಕಾಡಿನಡ್ಡಕ್ಕೆ ಗೆರೆ ಹೊಡೆದಂತೆ ಸಾಗಿದರು. ಎಡಗೈಯಲ್ಲಿ ನಾಲ್ಕು ಬಿದಿರು ಕಡ್ಡಿ: ಆರು ಅಡಿಗೂ ಮಿಕ್ಕಿದ ಸುತ್ತಳತೆಯ ಮರಗಳಿಗೆ ಒಂದು, ಅದಕ್ಕಿಂತ ಸಣ್ಣವುಗಳಿಗೆ ಇನ್ನೊಂದು, ಮತ್ತೂ ಸಣ್ಣವುಗಳಿಗೆ ಮಗದೊಂದು, ಸಸಿಗಳಿಗೆ ನಾಲ್ಕನೆಯದು. ದಾರಿಯ ಎರಡೂ ಬದಿಯಲ್ಲಿ ತೇಗ ಕಂಡಾಗ ಆಯಾ ಗಾತ್ರದ ಕಡ್ಡಿಯ ಮೇಲೆ ಚಾಕುವಿನಿಂದ ಒಂದು ಗೀರು. ಸಂಜೆ ಬಿಡಾರದಲ್ಲಿ ಗೀರುಗಳ ಎಣಿಕೆ. ಮಳೆಗೆ ಕಾಗದ ನೆನೆಯುವ ನಾಡಿನಲ್ಲಿ ಬಿದಿರು ಕಡ್ಡಿ ಒಳ್ಳೆಯ ನೋಟ್‌ಬುಕ್ಕು. ಇದೇ ಬ್ರಾಂಡಿಸ್ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು.

ಅಳತೆ ಇಲ್ಲದೆ ಆಜ್ಞೆ ಹೊರಡಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಆಗಿನ ದಕ್ಷಿಣ ಕನ್ನಡದಲ್ಲಿ ಘಟ್ಟದ ಬುಡದ ಜನ ಕಾಡಿನ ತುಂಡೊಂದನ್ನು ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು, ಮುಂದಿನ ಜಾಗಕ್ಕೆ ಸಾಗುವ ಕುಮರಿ ಬೇಸಾಯ ಮಾಡುತ್ತಿದ್ದರು. ಮದರಾಸು ಪ್ರಾಂತದ ಅರಣ್ಯ ಇಲಾಖೆಗೆ ಬುನಾದಿ ಹಾಕಿದ ಹ್ಯೂ ಕ್ಲೆಗಾರ್ನ್ ಅವರಿಗೆ ಅದು ಕಾಡಿನ ಶತ್ರುವಾಗಿ ಕಂಡಿತು. 1860ರ ಹೊತ್ತಿಗೆ ಸರಕಾರಿ ಕಾಡಿನಲ್ಲಿ ಅಪ್ಪಣೆಯಿಲ್ಲದ ಕುಮರಿಗೆ ತಡೆ ಬಿತ್ತು. ಅದೇ ಕಾಲದಲ್ಲಿ ಹಡಗುಕಟ್ಟೆಗೆ, ರೈಲಿನ ಸ್ಲೀಪರಿಗೆ ದೊಡ್ಡ ಮರಗಳು ಹೋಗುತ್ತಿದ್ದವು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹಂಚಿನ ಗೂಡುಗಳು ಎದ್ದು, ಅವು ಸೌದೆ ಉರಿಸತೊಡಗಿದವು. ಯಾರ ಪಾಲು ಎಷ್ಟು ಎಂದು ತೂಗಿ ನೋಡಿದವರಿಲ್ಲ. ಆರೋಪ ಮಾತ್ರ ಕತ್ತಿ ಹಿಡಿದ ಬಡವನ ಮೇಲೆ ನಿಂತಿತು. ಕ್ಷೇತ್ರ ಸಮೀಕ್ಷೆಯ ನಿಜವಾದ ಬೆಲೆ ಇಲ್ಲಿದೆ: ಅದು ಅಪರಾಧಿಯನ್ನು ತೋರಿಸುವಷ್ಟೇ ಖಚಿತವಾಗಿ ನಿರಪರಾಧಿಯನ್ನೂ ಬಿಡಿಸಬಲ್ಲದು. ಆದರೆ ಅಳೆಯುವ ಕ್ರಮ ನೆಟ್ಟಗಿರಬೇಕು.

ಇಪ್ಪತ್ತು ಮೀಟರ್ ಚೌಕ

ಕ್ರಮ ನೋಡಲು ಸರಳ. ಕಾಡಿನಲ್ಲಿ 20 ಮೀಟರ್ ಉದ್ದಗಲದ ಚೌಕವೊಂದನ್ನು ಹಗ್ಗ ಕಟ್ಟಿ ಗುರುತಿಸಿ. ಅಂಥ 25 ಚೌಕ ಸೇರಿದರೆ ಒಂದು ಹೆಕ್ಟೇರ್. ಒಳಗಿರುವ ಪ್ರತಿ ಮರದ ಜಾತಿ ಬರೆದು, ನೆಲದಿಂದ 1.37 ಮೀಟರ್ ಮೇಲೆ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಿ ಸುತ್ತಳತೆ ಬರೆಯಿರಿ. ಸಸಿಗಳಿಗಾಗಿ ಚೌಕದ ಮೂಲೆಯಲ್ಲಿ ಇನ್ನೂ ಚಿಕ್ಕ ಚೌಕ. ಜಾತಿ ಗುರುತಿಸಲು ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲವಿದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಡಾ. ಕೆ. ಗೋಪಾಲಕೃಷ್ಣ ಭಟ್ಟರು ಜಿಲ್ಲೆಯ ಸಸ್ಯಗಳನ್ನು ಹುಡುಕಿ, ವಿವರಿಸಿ, ‘ಫ್ಲೋರಾ ಆಫ್ ಉಡುಪಿ’ ಎಂಬ ಗ್ರಂಥವನ್ನೇ ಕೊಟ್ಟಿದ್ದಾರೆ. ಅಂಥ ಕೈಪಿಡಿ ಎಲ್ಲ ಜಿಲ್ಲೆಗೂ ಇಲ್ಲ.

ಕಷ್ಟ ಶುರುವಾಗುವುದು ಘಟ್ಟದ ಬುಡದಲ್ಲಿ. ಮೂವತ್ತು ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ತಾಗಿಸಿ 20 ಮೀಟರ್ ಟೇಪು ಹಾಸಿದರೆ ಸಮತಲದ ಅಳತೆಯಲ್ಲಿ ಅದು 17.3 ಮೀಟರ್ ಮಾತ್ರ. ಚೌಕದ ವಿಸ್ತೀರ್ಣ 400 ಚದರ ಮೀಟರ್ ಎಂದು ಬರೆದದ್ದು ನಿಜಕ್ಕೂ 346. ತಿದ್ದದೆ ಬಿಟ್ಟರೆ ಇಳಿಜಾರಿನ ಕಾಡೆಲ್ಲ ಶೇ. 13ರಷ್ಟು ತೆಳ್ಳಗೆ ಕಾಣುತ್ತದೆ. ಯಾರೂ ಕಡಿಯದ ಮರ ಲೆಕ್ಕದಲ್ಲಿ ಮಾಯವಾಗುತ್ತದೆ. ಬುಡದಲ್ಲಿ ಹಲಗೆಯಂಥ ಬೇರು ಚಾಚಿದ ಮರಕ್ಕೆ ಎದೆಮಟ್ಟದಲ್ಲಿ ಟೇಪು ಸುತ್ತಿದರೆ ಅಳತೆ ಸುಮ್ಮನೆ ಉಬ್ಬುತ್ತದೆ. ಅಲ್ಲಿ ಏಣಿ ಹಾಕಿ ಬೇರಿನ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದೆವು ಎನ್ನುವುದನ್ನೂ ಬರೆಯಬೇಕು. ಗೆರೆಯ ಮೇಲೆಯೇ ನಿಂತ ಮರ ಒಳಗಿನದೋ ಹೊರಗಿನದೋ? ಬುಡದ ನಡುಬಿಂದು ಒಳಗಿದ್ದರೆ ಒಳಗೆ. ಈ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಎಲ್ಲರ ಕೈಯೂ ದೊಡ್ಡ ಮರವನ್ನು ಒಳಗೆ ಎಳೆದುಕೊಳ್ಳುತ್ತದೆ.

ಕುತ್ತಿಯ ಸಾಕ್ಷಿ

ನಿಂತ ಮರ ಅಳೆದದ್ದಾಯಿತು. ಹೋದ ಮರವನ್ನು ಅಳೆಯುವುದು ಹೇಗೆ? ಅದು ಬಿಟ್ಟುಹೋದ ಕುತ್ತಿಯಿಂದ. ಕುತ್ತಿಯ ಸುತ್ತಳತೆ ಮತ್ತು ಎತ್ತರ ಬರೆಯಬೇಕು, ಜಾತಿ ಗೊತ್ತಾದರೆ ಜಾತಿ. ಅದೇ ಜಾತಿಯ ನಿಂತ ಮರಗಳಲ್ಲಿ ಬುಡದ ಸುತ್ತಳತೆಗೂ ಎದೆಮಟ್ಟದ ಸುತ್ತಳತೆಗೂ ಇರುವ ಅನುಪಾತ ಅಳೆದುಕೊಂಡರೆ, ಕುತ್ತಿಯಿಂದ ಹಿಂದಕ್ಕೆ ಹೋಗಿ ಕಡಿದ ಮರ ಎಷ್ಟು ದಪ್ಪವಿತ್ತು ಎಂದು ಕಟ್ಟಬಹುದು.

ಆದರೆ ಬಿದ್ದ ಮರವೆಲ್ಲ ಕಡಿದ ಮರವಲ್ಲ. ಸಮೀಕ್ಷೆಯವರು ಹಾಳೆಯಲ್ಲಿ ‘ಕಡಿದದ್ದು’ ಎಂದು ಬರೆಯುವಷ್ಟರಲ್ಲಿ ಜೊತೆಗೆ ಬಂದ ಊರಿನವರು ತಡೆಯುತ್ತಾರೆ: “ಇದು ಕಡಿದದ್ದಲ್ಲ ಮಾರಾಯ್ರೆ, ಗಾಳಿಗೆ ಬಿದ್ದದ್ದು. ಬೇರು ನೋಡಿ.” ಹೌದು, ಬೇರಿನ ಗಡ್ಡೆ ಮಣ್ಣು ಕಿತ್ತುಕೊಂಡು ಮೇಲೆದ್ದಿದೆ. ಗಾಳಿಗೆ ಮುರಿದ ಕಾಂಡದಲ್ಲಿ ಉದ್ದುದ್ದ ಸೀಳುಗಳಿರುತ್ತವೆ. ಕೊಡಲಿಯ ಗಾಯ ಓರೆ, ಏಟುಗಳ ಗುರುತು ಒಂದೊಂದೂ ಎದ್ದು ಕಾಣುತ್ತದೆ. ಗರಗಸದ್ದು ಸಪಾಟು. ಯಂತ್ರದ ಗರಗಸವಾದರೆ ಸುತ್ತ ಒರಟು ಹುಡಿ ಚೆಲ್ಲಿರುತ್ತದೆ. ಇಲಾಖೆಯೇ ಕಡಿಸಿದ ಮರವಾದರೆ ಕುತ್ತಿಯ ಮೇಲೆ ಹ್ಯಾಮರ್ ಮುದ್ರೆ ಇರಬೇಕು. ಅದಿಲ್ಲದ ಸಪಾಟು ಕುತ್ತಿ ಬೇರೆ ಕತೆ ಹೇಳುತ್ತದೆ. ಕೊಯ್ತದ ಬಣ್ಣ, ಅಂಟು ಒಣಗಿದ ರೀತಿ, ಬುಡದಿಂದ ಹೊರಟ ಚಿಗುರಿನ ಎತ್ತರ, ಮೇಲೆದ್ದ ಅಣಬೆ, ಇವೆಲ್ಲ ಸೇರಿ ಕಡಿದದ್ದು ಈ ವರ್ಷವೋ ಹಿಂದಿನದೋ ಎಂದು ಸೂಚಿಸುತ್ತವೆ.

ಸೊಪ್ಪು ಸವರಿದ್ದಕ್ಕೆ ಕುತ್ತಿಯೂ ಇಲ್ಲ. ಪ್ರತಿ ಮರದ ನೆತ್ತಿಯಲ್ಲಿ ಎಷ್ಟು ಪಾಲು ಕೊಂಬೆ ಹೋಗಿದೆ ಎಂದು ಸೊನ್ನೆಯಿಂದ ನಾಲ್ಕರ ವರೆಗೆ ಅಂಕ ಕೊಡುವುದು ರೂಢಿ. ಕಣ್ಣಂದಾಜು ತಾನೇ ಎಂದು ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ತಾಳೆ ನೋಡುತ್ತಾರೆ.

ಇನ್ನು ಕುತ್ತಿಯ ಸಾಕ್ಷಿಯಲ್ಲೇ ಒಂದು ಪಕ್ಷಪಾತವಿದೆ. ಆಗುಂಬೆಯ ಬುಡದ ಕಾಡಿನಲ್ಲಿ ಮಳೆ ಹೊಯ್ಯುವ ಪ್ರಮಾಣಕ್ಕೆ, ಗೆದ್ದಲಿನ ಹಸಿವಿಗೆ, ಹಾಲೆಮರದಂಥ ಮೆದು ಮರದ ಕುತ್ತಿ ಬೇಗ ಮಣ್ಣಾಗುತ್ತದೆ. ಕಿರಾಲ್‌ಬೋಗಿಯ ಕುತ್ತಿ ಬಹುಕಾಲ ಗಟ್ಟಿಯಾಗಿ ಉಳಿಯುತ್ತದೆ. ಎರಡೂ ಜಾತಿಯನ್ನು ಸಮಸಮ ಕಡಿದರೂ ಹತ್ತು ವರ್ಷದ ಬಳಿಕ ಬಂದವರಿಗೆ ಕಾಣುವುದು ಬೋಗಿಯದ್ದೇ ಕುತ್ತಿಗಳು. ಆದ್ದರಿಂದ ಜಾಗರೂಕ ಸಮೀಕ್ಷಕರು ಹಳೆಯ ಕುತ್ತಿಯನ್ನೂ ಹೊಸದನ್ನೂ ಒಂದೇ ರಾಶಿಗೆ ಹಾಕುವುದಿಲ್ಲ. ಎರಡು ಮಳೆಗಾಲದೊಳಗಿನವನ್ನು ಬೇರೆ ಎಣಿಸುತ್ತಾರೆ.

ಒಂದಕ್ಕೆ ಮೂವತ್ತಾರು

ಈಗ ಲೆಕ್ಕದ ಅತ್ಯಂತ ಸೂಕ್ಷ್ಮ ಜಾಗಕ್ಕೆ ಬರೋಣ. ಒಂದು ಊರಿನ ಕಾಡಂಚಿನಲ್ಲಿ 30 ಸೆಂಟಿಮೀಟರ್ ಸುತ್ತಳತೆಯ 36 ಕುತ್ತಿ ಸಿಕ್ಕಿತೆಂದು ಇಟ್ಟುಕೊಳ್ಳಿ: ಬೇಲಿಯ ಗೂಟಕ್ಕೋ ಚಪ್ಪರಕ್ಕೋ ಕಡಿದ ಗಳುಗಳು. ಒಳಗಾಡಿನಲ್ಲಿ 180 ಸೆಂಟಿಮೀಟರಿನ ಒಂದೇ ಕುತ್ತಿ: ಲಾರಿಯಲ್ಲಿ ಸಾಗಿಸಿದ ದಪ್ಪ ಮರ. ಕುತ್ತಿಯ ಸಂಖ್ಯೆಯ ಪ್ರಕಾರ ಊರಂಚಿನ ಹಾನಿ 36 ಪಟ್ಟು. ಆದರೆ ಕಾಂಡದ ಕೊಯ್ತದ ವಿಸ್ತೀರ್ಣ ಸುತ್ತಳತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ: ಸುತ್ತಳತೆಯನ್ನು ಅದರಿಂದಲೇ ಗುಣಿಸಿ 12.57ರಿಂದ ಭಾಗಿಸಿದರೆ ವಿಸ್ತೀರ್ಣ. 30 ಸೆಂಟಿಮೀಟರ್ ಗಳುವಿನದ್ದು 72 ಚದರ ಸೆಂಟಿಮೀಟರಿನ ಆಸುಪಾಸು. 180ರ ಮರದ್ದು ಸುಮಾರು 2,580. ಅಂದರೆ 36 ಗಳು ಸೇರಿದರೆ ಒಂದು ಮರ. ಎತ್ತರವನ್ನೂ ಸೇರಿಸಿ ಗಾತ್ರ ಕಟ್ಟಿದರೆ ತಕ್ಕಡಿ ಒಳಗಾಡಿನ ಕಡೆಗೇ ಇನ್ನಷ್ಟು ವಾಲುತ್ತದೆ, ಯಾಕೆಂದರೆ ದಪ್ಪ ಮರ ಗಳುವಿಗಿಂತ ಬಲು ಎತ್ತರ. ಜಾತಿಯನ್ನೂ ನೋಡಿದರೆ ಇನ್ನೊಂದು ವ್ಯತ್ಯಾಸ: ಒಣಗಿದ ಹಾಲೆಮರದ ಒಂದು ಘನ ಮೀಟರ್ ಸುಮಾರು 400 ಕಿಲೋ ತೂಗಿದರೆ ಬೋಗಿಯದ್ದು ಅದರ ಎರಡು ಪಟ್ಟಿಗೂ ಮಿಕ್ಕಿ. ಮರದ ಒಣತೂಕದ ಅರ್ಧದಷ್ಟು ಇಂಗಾಲ. ಹವಾಮಾನದ ಲೆಕ್ಕ ಬರೆಯುವವರಿಗೆ ಹಾಗಾಗಿ ಜಾತಿಯ ಹೆಸರೂ ಬೇಕು.

ಒಂದೇ ಕಾಡು, ಒಂದೇ ದಿನದ ಅಳತೆ. ವರದಿಯಲ್ಲಿ ‘ಹೆಕ್ಟೇರಿಗೆ ಇಷ್ಟು ಕುತ್ತಿ’ ಎಂದು ಬರೆದರೆ ತಪ್ಪಿತಸ್ಥ ಊರಿನವನು. ‘ಹೆಕ್ಟೇರಿಗೆ ಇಷ್ಟು ಘನ ಮೀಟರ್’ ಎಂದು ಬರೆದರೆ ಲಾರಿಯವನು. ಇಬ್ಬರ ಹಾನಿಯೂ ಹಾನಿಯೇ. ಗಳು ಕಡಿದಾಗ ಕಾಡಿನ ನಾಳಿನ ಮರ ಹೋಗುತ್ತದೆ, ದಪ್ಪ ಮರ ಕಡಿದಾಗ ಬೀಜ ಕೊಡುವ ತಾಯಿಮರ ಹೋಗುತ್ತದೆ. ಎರಡೂ ಅಂಕಿ ಅಕ್ಕಪಕ್ಕ ಇಡದ ವರದಿಯನ್ನು ಓದುವಾಗ ಅನುಮಾನಿಸುವುದು ಒಳ್ಳೆಯದು.

ನಾಟಾ ವ್ಯಾಪಾರದಲ್ಲೂ ಇಂಥದೇ ಕಣ್ಕಟ್ಟು ಒಂದಿದೆ. ದಿಮ್ಮಿಯ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುವುದು ಹಳೆಯ ಪದ್ಧತಿ. 1.8 ಮೀಟರ್ ಸುತ್ತಳತೆಯ, 6 ಮೀಟರ್ ಉದ್ದದ ದಿಮ್ಮಿಗೆ ಇದು 1.215 ಘನ ಮೀಟರ್ ಎನ್ನುತ್ತದೆ. ದುಂಡು ದಿಮ್ಮಿಯ ನಿಜಗಾತ್ರ 1.547. ಕೊಯ್ಯುವಾಗ ಹೋಗುವ ಹೊರಪದರವನ್ನು ಬಿಟ್ಟು ಎಣಿಸುವ ಉಪಾಯ ಇದು, ವ್ಯಾಪಾರಕ್ಕೆ ಸರಿ. ಆದರೆ ಡಿಪೋದ ಅಂಕಿಯನ್ನೇ ತಂದು ‘ಕಾಡಿನಿಂದ ಹೋದದ್ದು ಇಷ್ಟು’ ಎಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಲೆಕ್ಕದಿಂದ ಜಾರುತ್ತದೆ. ಕಾಡಿನಲ್ಲೇ ಬಿಟ್ಟ ಕೊಂಬೆ, ತುದಿ, ಬೀಳುವಾಗ ಮುರಿದ ಪಕ್ಕದ ಮರಗಳ ಮಾತು ಬೇರೆ.

ಸೊನ್ನೆಯ ಬೆಲೆ

ಇಷ್ಟು ಜಾಣತನ ಇದ್ದೂ ಚೌಕಗಳನ್ನು ಎಲ್ಲಿ ಹಾಕುತ್ತೇವೆ ಎನ್ನುವುದರಲ್ಲಿ ಎಡವಿದರೆ ಎಲ್ಲ ವ್ಯರ್ಥ. ಜೀಪು ಹೋಗುವ ದಾರಿಯ ಬದಿಯಲ್ಲಿ ಚೌಕ ಹಾಕಿದರೆ ಕುತ್ತಿ ಹೆಚ್ಚು ಸಿಗುತ್ತದೆ, ಕಡಿಯುವವರಿಗೂ ದಾರಿ ಹತ್ತಿರವೇ ಬೇಕಲ್ಲ. ‘ಇಲ್ಲಿ ಏನೂ ಇಲ್ಲ, ಮುಂದೆ ಹೋಗೋಣ’ ಎಂದು ಕುತ್ತಿಯಿಲ್ಲದ ಜಾಗ ಬಿಟ್ಟು ನಡೆದರೂ ಅದೇ ತಪ್ಪು. ನಕ್ಷೆಯ ಮೇಲೆ ಸಮ ಅಂತರದ ಗೆರೆ ಎಳೆದೋ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿಯೋ ಜಾಗ ನಿಗದಿ ಮಾಡಿ, ಮುಳ್ಳಿರಲಿ ಕಲ್ಲಿರಲಿ ಅಲ್ಲಿಗೇ ಹೋಗಿ, ಏನೂ ಸಿಗದಿದ್ದರೆ ಸೊನ್ನೆ ಎಂದು ಬರೆದು ಬರಬೇಕು. ಆ ಸೊನ್ನೆಗಳಿಲ್ಲದೆ ಸರಾಸರಿ ಇಲ್ಲ.

ಕುತ್ತಿಗಳು ಸಮನಾಗಿ ಹರಡಿರುವುದಿಲ್ಲ, ಗುಂಪುಗುಂಪಾಗಿರುತ್ತವೆ. ಹತ್ತು ಚೌಕ ಖಾಲಿ, ಹನ್ನೊಂದನೆಯದರಲ್ಲಿ ಒಮ್ಮೆಗೇ ಹದಿನೈದು. ಹೀಗಿದ್ದಾಗ ಅಂದಾಜಿನ ತೂಗಾಟ ಹೆಚ್ಚು. ಅದನ್ನು ಅರ್ಧಕ್ಕಿಳಿಸಲು ಚೌಕಗಳನ್ನು ಎರಡು ಪಟ್ಟು ಮಾಡಿದರೆ ಸಾಲದು, ನಾಲ್ಕು ಪಟ್ಟು ಬೇಕು: 25 ಚೌಕ ಹಾಕಿದವರು 100 ಹಾಕಬೇಕು. ಊರಿನಿಂದ ದೂರ ಹೋದಂತೆ ಹಾನಿ ಹೇಗೆ ಇಳಿಯುತ್ತದೆ ಎಂದು ತಿಳಿಯಲು ಮನೆಗಳ ಅಂಚಿನಿಂದ ಒಳಗಾಡಿನ ಕಡೆಗೆ ಗೆರೆ ಹಿಡಿದು 100, 250, 500, 1,000 ಮೀಟರಿನಲ್ಲಿ ಚೌಕ ಹಾಕುವ ಪದ್ಧತಿ ಇದೆ. ನಮ್ಮ ಜಿಲ್ಲೆಯಲ್ಲಿ ಹೀಗೆ ಮಾಡುವವರು ಕುಮ್ಕಿಯನ್ನು ಮರೆಯುವಂತಿಲ್ಲ. ಹಳೆಯ ವರ್ಗ ಜಮೀನಿನ ಸುತ್ತ 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತರುವ, ದನ ಮೇಯಿಸುವ ಸವಲತ್ತು ಕೃಷಿಕರಿಗೆ ಬ್ರಿಟಿಷರ ಕಾಲದಿಂದ ಇದೆ. ಮೊದಲ ಚೌಕ ಕುಮ್ಕಿಯೊಳಗೇ ಬಿದ್ದರೆ ಅಲ್ಲಿ ಸವರಿದ ಸೊಪ್ಪು ಕಳವಲ್ಲ. ಅದು ಗದ್ದೆಯ ಗೊಬ್ಬರ.

ಒಲೆಯ ಕಡೆಯಿಂದ

ಕಾಡಿನ ಕಡೆಯಿಂದ ಅಳೆದದ್ದನ್ನು ಒಲೆಯ ಕಡೆಯಿಂದಲೂ ಅಳೆದು ತಾಳೆ ನೋಡಬೇಕು. ದಿನಕ್ಕೆ ಎಷ್ಟು ಸೌದೆ ಬೇಕಾಗುತ್ತದೆ ಎಂದು ಮನೆಯವರನ್ನು ಕೇಳಿದರೆ ಸಿಗುವುದು ಬಾಯಿಲೆಕ್ಕ. ಸೌದೆಯ ರಾಶಿಯನ್ನು ತೂಗಿ, ಇವತ್ತು ಇದರಿಂದಲೇ ಉರಿಸಿ ಅಕ್ಕ ಎಂದು ಹೇಳಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ತೂಗುವುದು ಖಚಿತ ದಾರಿ. ಹಸಿ ಕಟ್ಟಿಗೆಯಾದರೆ ತೂಕದ ಅರ್ಧದವರೆಗೂ ನೀರೇ ಇರಬಹುದು. ಆದ್ದರಿಂದ ಒಂದು ತುಂಡು ಒಯ್ದು ಒಣಗಿಸಿ ತೂಗಿ, ಎಲ್ಲವನ್ನೂ ಒಣತೂಕಕ್ಕೆ ಇಳಿಸಬೇಕು.

ಹೀಗೆ ತೂಗಿದ ಅಧ್ಯಯನಗಳಲ್ಲಿ ಕರ್ನಾಟಕದ್ದು ದೊಡ್ಡ ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದವರು ತುಮಕೂರು ಜಿಲ್ಲೆಯ ಪುರ ಮತ್ತು ನೆರೆಯ ಹಳ್ಳಿಗಳಲ್ಲಿ ಮನೆಮನೆಯ ಇಂಧನ ಲೆಕ್ಕ ಹಾಕಿದರು. ಜಗತ್ತೆಲ್ಲ ಆಗ ‘ಬಡವರ ಒಲೆ ಕಾಡನ್ನು ನುಂಗುತ್ತಿದೆ’ ಎಂದು ನಂಬಿದ್ದ ಕಾಲ. ಅಮೆರಿಕದ ಎರಿಕ್ ಎಕ್‌ಹಾಮ್ 1975ರಲ್ಲಿ ಸೌದೆಯ ಬರವನ್ನು ‘ಇನ್ನೊಂದು ಇಂಧನ ಬಿಕ್ಕಟ್ಟು’ ಎಂದೇ ಕರೆದಿದ್ದರು. ಪುರದಲ್ಲಿ ಕಂಡ ಚಿತ್ರ ಬೇರೆ: ಹೆಂಗಸರು, ಮಕ್ಕಳು ಮೈಲಿಗಟ್ಟಲೆ ನಡೆದು ತರುತ್ತಿದ್ದದ್ದು ಹೆಚ್ಚಾಗಿ ಪುಳ್ಳೆ, ಚಕ್ಕೆ. ಬುಡಕ್ಕೆ ಕೊಡಲಿ ಹಾಕಿ ತಂದ ಮರ ಅಲ್ಲ. ಹೊಗೆ ಕಡಿಮೆ, ಸೌದೆಯೂ ಕಡಿಮೆ ಸಾಕಾಗುವ ಅಸ್ತ್ರ ಒಲೆ ಹುಟ್ಟಿದ್ದು ಇದೇ ಬಳಗದಿಂದ.

ಕರಾವಳಿಯ ಬಚ್ಚಲೊಲೆಯ ಮುಂದೆ ನಿಂತರೆ ಈ ಮಾತು ಬೇಗ ಅರ್ಥವಾಗುತ್ತದೆ. ಹಂಡೆಯ ಕೆಳಗೆ ಉರಿಯುವುದು ತೆಂಗಿನ ಮಡಲು, ಕೊತ್ತಳಿಗೆ, ಸಿಪ್ಪೆ, ಗೆರಟೆ. ಉದ್ಯಾವರದಂಥ ಊರಿನಲ್ಲಿ ‘ತಲಾ ಇಷ್ಟು ಕಿಲೋ ಸೌದೆ’ ಎಂಬ ಅಂಕಿಯನ್ನು ಜನಸಂಖ್ಯೆಯಿಂದ ಗುಣಿಸಿ ಕಾಡಿನ ತಲೆಗೆ ಕಟ್ಟಿದರೆ ಇಲ್ಲದ ಹಾನಿ ಸೃಷ್ಟಿಯಾಗುತ್ತದೆ.

ಒಟ್ಟಿದ ಸೌದೆಯ ಗಾತ್ರಕ್ಕೂ ಮರದ ಗಾತ್ರಕ್ಕೂ ವ್ಯತ್ಯಾಸ ಇದೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ಬರುವ ಮೊದಲು ಕಟ್ಟಿಗೆ ಮುಹೂರ್ತ ನಡೆಯುತ್ತದೆ. ಮುಂದಿನ ಪರ್ಯಾಯದ ಅಡುಗೆಗೆ ಬೇಕಾದ ಸೌದೆಯನ್ನು ಮಧ್ವ ಸರೋವರದ ಬಳಿ ರಥದ ಆಕಾರದಲ್ಲಿ ಒಟ್ಟುತ್ತಾರೆ. ಆ ಕಟ್ಟಿಗೆ ರಥವನ್ನು ನೋಡಿದವರು ಉದ್ದ, ಅಗಲ, ಎತ್ತರ ಅಂದಾಜಿಸಿ ಗುಣಿಸಬಹುದು. ಬಂದದ್ದು ಒಟ್ಟಿಲಿನ ಗಾತ್ರ, ಕಟ್ಟಿಗೆಯ ಗಾತ್ರವಲ್ಲ. ಎಷ್ಟೇ ಅಂದವಾಗಿ ಜೋಡಿಸಿದರೂ ತುಂಡುಗಳ ನಡುವೆ ಗಾಳಿ ಇದೆ. ಸಾಧಾರಣವಾಗಿ ಮೂರರಲ್ಲಿ ಎರಡು ಪಾಲಿನ ಆಸುಪಾಸು ಮರ, ಉಳಿದದ್ದು ಸಂದು. ಡೊಂಕು ಕೊಂಬೆಗಳಾದರೆ ಸಂದು ಇನ್ನೂ ಹೆಚ್ಚು. ಲಾರಿಯ ಲೋಡು ನೋಡಿ ಹೇಳುವ ಅಂದಾಜುಗಳು ಕೆಡುವುದೂ ಇದೇ ಜಾಗದಲ್ಲಿ.

ಮೆಳೆಯ ಮುಳ್ಳು

ಅಳತೆ ಆರೋಪವನ್ನೇ ತಲೆಕೆಳಗು ಮಾಡಿದ ಪ್ರಸಂಗ ಉತ್ತರ ಕನ್ನಡದ್ದು. ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಒದಗಿಸುತ್ತಿದ್ದ ಕಾಡುಗಳಲ್ಲಿ 1970ರ ದಶಕದ ಹೊತ್ತಿಗೆ ಬಿದಿರು ಸೊರಗುತ್ತಿತ್ತು. ಹಳ್ಳಿಯವರು ಕಡಿಯುತ್ತಾರೆ, ದನ ಮೇಯಿಸುತ್ತಾರೆ, ಅದಕ್ಕೇ ಹೀಗೆ ಎಂಬ ಮಾತಿತ್ತು. ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಊಹೆಯನ್ನು ಬದಿಗಿಟ್ಟು ಮೆಳೆಮೆಳೆಗೂ ಹೋಗಿ ಗಳು ಎಣಿಸಿದರು: ಹಳೆಯವೆಷ್ಟು, ಈ ವರ್ಷದ ಕಳಲೆ ಎಷ್ಟು, ಅದರಲ್ಲಿ ಬದುಕಿದ್ದೆಷ್ಟು.

ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳುಕೊಂಬೆಗಳಿರುತ್ತವೆ. ಅವು ಮೆಳೆಯನ್ನು ಇಕ್ಕಟ್ಟಾಗಿಸುತ್ತವೆ, ಸವರಿ ತೆಗೆದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಇಲಾಖೆಯ ನಂಬಿಕೆ. ಕಾರ್ಖಾನೆಯ ಕೂಲಿಗಳು ಹಾಗೇ ಮಾಡುತ್ತಿದ್ದರು. ಹಳ್ಳಿಯವರು ಮಾತ್ರ ಮುಳ್ಳನ್ನು ಹಾಗೇ ಬಿಟ್ಟು ಮೇಲಿನಿಂದ ಗಳು ಕಡಿಯುತ್ತಿದ್ದರು. ಎಣಿಕೆ ತೋರಿಸಿದ್ದು ಏನೆಂದರೆ, ಮುಳ್ಳು ಇದ್ದ ಕಡೆ ಎಳೆ ಕಳಲೆಗೆ ಬೇಲಿಯ ರಕ್ಷಣೆ ಇತ್ತು. ಮುಳ್ಳು ಸವರಿದ ಕಡೆ ದನವೂ ಕಾಡುಪ್ರಾಣಿಯೂ ಕಳಲೆಯನ್ನು ಮೇದು ಮುಗಿಸುತ್ತಿದ್ದವು. ಮೆಳೆ ಸೊರಗಿದ್ದಕ್ಕೆ ಶಾಸ್ತ್ರೀಯ ಎನಿಸಿಕೊಂಡ ಸಲಹೆಯೇ ಕಾರಣ, ಹಳ್ಳಿಯವರ ಕೈಯಲ್ಲ. ಇಬ್ಬರ ಬಿದಿರನ್ನೂ ಒಟ್ಟಿಗೆ ‘ಕಡಿದದ್ದು’ ಎಂದು ಬರೆದಿದ್ದರೆ ಇದು ಎಂದೂ ತಿಳಿಯುತ್ತಿರಲಿಲ್ಲ. ಕಡಿದದ್ದು ಎಷ್ಟು ಎನ್ನುವುದರ ಜೊತೆಗೆ ಹೇಗೆ ಕಡಿದರು, ಆಮೇಲೆ ಏನಾಯಿತು ಎಂಬ ಎರಡು ಕಾಲಂ ಸೇರಿಸಿದ್ದರಿಂದ ಸಿಕ್ಕ ಉತ್ತರ ಇದು.

ಕಾಂಡ್ಲದ ಕೆಸರಿನಲ್ಲಿ

ಉದ್ಯಾವರದ ಹೊಳೆ ಕಡಲ ಹತ್ತಿರ ಬಂದೂ ನೇರ ಸೇರದೆ, ತೀರಕ್ಕೆ ಸಮಾನಾಂತರವಾಗಿ ಬಡಗಲಿಗೆ ಹರಿದು ಮಲ್ಪೆಯಲ್ಲಿ ಕಡಲಿಗಿಳಿಯುತ್ತದೆ. ಆ ಉಪ್ಪುನೀರಿನ ಅಂಚಿನ ಕಾಂಡ್ಲಕ್ಕೆ ಘಟ್ಟದ ಕಾಡಿನ ನಿಯಮಗಳು ಹೊಂದುವುದಿಲ್ಲ. ಊರುಗೋಲಿನಂತೆ ಬೇರು ಇಳಿಬಿಟ್ಟ ರೈಜೋಫೊರಾಕ್ಕೆ ಎದೆಮಟ್ಟದಲ್ಲಿ ಕಾಂಡವೇ ಇರುವುದಿಲ್ಲ. ಎಲ್ಲಕ್ಕಿಂತ ಮೇಲಿನ ಬೇರಿನಿಂದ 30 ಸೆಂಟಿಮೀಟರ್ ಮೇಲೆ ಅಳೆಯುವುದು ಜಗತ್ತಿನಾದ್ಯಂತದ ರೂಢಿ. ಅಳೆಯಲು ಸಿಗುವುದು ಇಳಿತದ ಕೆಲವು ಗಂಟೆ ಮಾತ್ರ.

ಇಲ್ಲಿ ಕುತ್ತಿಯ ಅರ್ಥವೂ ಬೇರೆ. ನೆಲದಿಂದ ಉಸಿರುಬೇರು ಎಬ್ಬಿಸುವ ಅವಿಸೆನ್ನಿಯವನ್ನು ಸವರಿದರೆ ಮತ್ತೆ ಚಿಗುರುತ್ತದೆ. ರೈಜೋಫೊರಾದ ಹಳೆ ಕಾಂಡದಲ್ಲಿ ಕಾಯ್ದಿಟ್ಟ ಮೊಗ್ಗುಗಳಿಲ್ಲ. ಎಲೆಯಿರುವ ಕೊಂಬೆಗಳ ಕೆಳಗೆ ಕಡಿದರೆ ಮರ ಸತ್ತಂತೆ. ಒಂದೇ ದಪ್ಪದ ಎರಡು ಕುತ್ತಿಗಳಲ್ಲಿ ಒಂದು ತಾತ್ಕಾಲಿಕ ಗಾಯ, ಇನ್ನೊಂದು ಶಾಶ್ವತ ನಷ್ಟ. ಕುತ್ತಿಯನ್ನು ಕೆಸರು ಹೂಳುವುದೂ ಬೇಗ. ಕಾಂಡ್ಲದ ಸಮೀಕ್ಷೆಯನ್ನು ಹಾಗಾಗಿ ವರ್ಷ ಬಿಟ್ಟು ಬಂದು ಮಾಡುವಂತಿಲ್ಲ.

ಅದೇ ಮರಕ್ಕೆ ಮತ್ತೆ ಟೇಪು

ಒಮ್ಮೆ ಅಳೆದರೆ ಕಾಡಿನ ಇವತ್ತಿನ ಸ್ಥಿತಿ ಗೊತ್ತಾಗುತ್ತದೆ. ಕೆಡುತ್ತಿದೆಯೋ ಸುಧಾರಿಸುತ್ತಿದೆಯೋ ಗೊತ್ತಾಗಬೇಕಾದರೆ ಅದೇ ಜಾಗಕ್ಕೆ ಮತ್ತೆ ಹೋಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯವರು 1984ರಲ್ಲಿ ಉತ್ತರ ಕನ್ನಡದಲ್ಲಿ ಒಂದೊಂದು ಹೆಕ್ಟೇರಿನ ಎಂಟು ಕಾಯಂ ಚೌಕ ಗುರುತಿಸಿ, ಮರಗಳಿಗೆ ನಂಬರು ಕಟ್ಟಿ, ಅವುಗಳನ್ನೇ ಮರಳಿ ಅಳೆದರು. ಕೊಡಗಿನ ಉಪ್ಪಂಗಳದಲ್ಲಿ 1990ರ ಸುಮಾರಿಗೆ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಅಂಥದೇ ಕೆಲಸ ಶುರುಮಾಡಿತು. ಅಲ್ಲಿ ಕಾಂಡಕ್ಕೆ ಲೋಹದ ಪಟ್ಟಿ ಸುತ್ತಿ ಮರ ದಪ್ಪಗಾಗುವುದನ್ನು ಮಿಲಿಮೀಟರಿನಲ್ಲಿ ಹಿಡಿಯುತ್ತಾರೆ. ನಂಬರಿದ್ದ ಮರ ಕಾಣೆಯಾದರೆ ಕುತ್ತಿ ಕೊಳೆತರೂ ಲೆಕ್ಕ ಕೊಳೆಯುವುದಿಲ್ಲ. ಸಹಜವಾಗಿ ಸಾಯುವ ಮರಗಳ ಪ್ರಮಾಣವೂ ಇಂಥ ಚೌಕಗಳಿಂದಲೇ ಗೊತ್ತಾಗುವುದು. ಅದು ಗೊತ್ತಿಲ್ಲದೆ ಮನುಷ್ಯ ಮಾಡಿದ ಹಾನಿಯನ್ನು ಬೇರ್ಪಡಿಸಲಾಗದು.

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ, ಆಗುಂಬೆ ಕಾಡುಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವುಗಳ ಮೇಲೆ ಹಲವರ ಕಣ್ಣಿದೆ. ಆದರೆ ಪಟ್ಟಿಯ ಹೊರಗೆ, ಕಾಪು ಮತ್ತು ಕಾರ್ಕಳದ ನಡುವೆ, ಕುಮ್ಕಿ, ದೇವರಕಾಡು, ನಾಗಬನ, ಹೊಳೆಯಂಚು ಎಂದು ಹಂಚಿಹೋದ ತುಂಡು ಕಾಡುಗಳನ್ನು ಯಾರು ಅಳೆಯಬೇಕು? 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ದಾಖಲಾತಿ ಮುಖ್ಯವಾಗಿ ಹೆಸರುಗಳ ಮತ್ತು ಬಳಕೆಯ ಪಟ್ಟಿ: ಊರಿನಲ್ಲಿ ಸುರಗಿ ಇದೆ, ಹೊನ್ನೆ ಇದೆ, ಧೂಪ ಇದೆ. ಕೊನೆಯ ಧೂಪದ ಮರ ಬೀಳುವವರೆಗೂ ಆ ಪಟ್ಟಿ ಸರಿಯಾಗಿಯೇ ಇರುತ್ತದೆ. ಅದಕ್ಕೆ ಪ್ರತಿ ಪಂಚಾಯತಿನಲ್ಲಿ ನಾಲ್ಕಾರು ಕಾಯಂ ಚೌಕಗಳನ್ನು, ಮರಗಳ ನಂಬರು ಮತ್ತು ಸುತ್ತಳತೆಯನ್ನು ಸೇರಿಸಲು ದೊಡ್ಡ ಹಣ ಬೇಕಿಲ್ಲ. ಟೇಪು, ಹಗ್ಗ, ಇಳಿಜಾರಿನ ಕೋನ ತೋರಿಸುವ ಒಂದು ಫೋನು, ಮರ ಬಲ್ಲ ಊರಿನವರೊಬ್ಬರು, ಹತ್ತಿರದ ಕಾಲೇಜಿನ ಒಂದು ತರಗತಿ ಸಾಕು. ಐದು ವರ್ಷಕ್ಕೊಮ್ಮೆ ಅದೇ ಮರಗಳಿಗೆ ಟೇಪು ಸುತ್ತಿದರೆ, ಕಾಡು ಹಾಳಾಯಿತೆಂದು ಮುಂದೊಂದು ದಿನ ಊರಿನವರನ್ನೋ, ಇಲಾಖೆಯನ್ನೋ, ಕಾರ್ಖಾನೆಯನ್ನೋ ದೂರುವವರು ಮೊದಲು ಆ ಹಾಳೆ ತೆರೆದು ನೋಡಬೇಕಾಗುತ್ತದೆ.